ಶೂರ್‌ನ ರಿಷಭ ಅಪಸ್ವರವೇ? ಪಿಟೀಲು ಕಲಿತವರೊಬ್ಬರ ಇರಾನಿ ಸಂಗೀತದ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಾನು ಶಿವಮೊಗ್ಗದ ಕಡೆಯವಳು. 14 ವರ್ಷ ಪಿಟೀಲು ಕಲಿತಿದ್ದೇನೆ. ಸೀನಿಯರ್ ಪರೀಕ್ಷೆ ಮುಗಿದಿದೆ, ವಿದ್ವತ್ತಿಗೆ ಕೂತಿಲ್ಲ. ಒಂದು ವರ್ಷದಿಂದ ಇರಾನಿನ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿದಿದೆ. ಶೂರ್ ಅನ್ನುವ ದಸ್ತ್‌ಗಾಹ್ (ನಮ್ಮ ರಾಗದ ಜಾಗದಲ್ಲಿ ಅವರಲ್ಲಿರುವುದು) ಕೇಳಿದರೆ ನಮ್ಮ ತೋಡಿ ಹತ್ತಿರ ಬಂದು ತಪ್ಪಿಸಿಕೊಂಡು ಹೋದ ಹಾಗೆ ಅನ್ನಿಸುತ್ತದೆ. ಶ್ರುತಿ ಪೆಟ್ಟಿಗೆ ಹಾಕಿಕೊಂಡು ಅದನ್ನೇ ನುಡಿಸಲು ಹೋದೆ, ರಿಷಭ ಎಲ್ಲೂ ಕೂರಲಿಲ್ಲ. ಫೋನಿನ ಟ್ಯೂನರ್ ಆ್ಯಪ್ ಕೆಂಪು ಬಣ್ಣ ತೋರಿಸುತ್ತದೆ. ನಮ್ಮ ಗುರುಗಳು 'ಇದು ಅಪಸ್ವರ, ಕಿವಿ ಕೆಡುತ್ತೆ, ಬಿಡಮ್ಮ' ಅಂದರು. ಗೆಳತಿಯೊಬ್ಬಳು 'ಇವೆಲ್ಲ ನಮ್ಮ ಮೇಳಕರ್ತಗಳೇ (ಮೂಲ ರಾಗಗಳೇ), ಮಾಹೂರ್ ಅಂದ್ರೆ ಶಂಕರಾಭರಣ, ಚಹಾರ್‌ಗಾಹ್ ಅಂದ್ರೆ ಮಾಯಾಮಾಳವಗೌಳ, ನಿನಗೆ ಒಂದು ವಾರದ ಕೆಲಸ' ಅನ್ನುತ್ತಾಳೆ. ಯಾರನ್ನು ನಂಬಲಿ? ಪಿಟೀಲೇ ಸಾಕಾ, ಸೆತಾರ್ ಅನ್ನುವ ಅವರ ತಂತಿವಾದ್ಯ ಕೊಳ್ಳಬೇಕಾ? ನಿಜವಾಗಿ ನನ್ನ ಸ್ವರಸ್ಥಾನ ಹಾಳಾಗುತ್ತಾ?"

ಉತ್ತರ: ನೀವು ಕೇಳಿದ್ದು ಹಲವು ಪ್ರಶ್ನೆ, ಆದರೆ ಭಯ ಒಂದೇ. 14 ವರ್ಷ ಕಷ್ಟಪಟ್ಟು ಕಟ್ಟಿದ ಕಿವಿ ಒಂದು ಹುಚ್ಚಿಗೆ ಬಲಿಯಾದರೆ ಏನು ಗತಿ ಅಂತ. ನಾನೂ ಕರ್ನಾಟಕ ಸಂಗೀತದ ಹಾಡುಗಾರಿಕೆಯಿಂದ ಸೆತಾರ್ ಕಡೆ ಹೋದವನು. ಈ ಭಯ ನನಗೂ ಇತ್ತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಕಿವಿ ಕೆಡುವುದಿಲ್ಲ. ಕೆಲವು ದಿನ ಗಲಿಬಿಲಿ ಆಗಬಹುದು, ಅದನ್ನು ಮುಂದೆ ಹೇಳುತ್ತೇನೆ. ನೀವು ಎಡವಿದ್ದು ಕಿವಿಯಲ್ಲಿ ಅಲ್ಲ, ಶ್ರುತಿ ಪೆಟ್ಟಿಗೆಯಲ್ಲಿ.

ಮೊದಲು ಆ ರಿಷಭದ ವಿಚಾರ. ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಭಾಗ ಮಾಡಿಕೊಳ್ಳೋಣ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ 100. ನಮ್ಮ 22 ಶ್ರುತಿಗಳ ಲೆಕ್ಕದಲ್ಲಿ ಶುದ್ಧ ರಿಷಭ 90 ಅಥವಾ 112ರ ಹತ್ತಿರ, ಚತುಶ್ರುತಿ ರಿಷಭ 182 ಅಥವಾ 204ರ ಹತ್ತಿರ ಬರುತ್ತದೆ. 112ಕ್ಕೂ 182ಕ್ಕೂ ನಡುವೆ ನಮ್ಮ ಪಟ್ಟಿಯಲ್ಲಿ ಏನೂ ಇಲ್ಲ, ಖಾಲಿ ಜಾಗ. ಶೂರ್‌ನ ರಿಷಭ ಕೂರುವುದು ಸರಿಯಾಗಿ ಅಲ್ಲೇ, ಸುಮಾರು 135ರ ಆಸುಪಾಸಿನಲ್ಲಿ. ಉಳಿದ ಸ್ವರಗಳು ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ರಿಷಭ ಕೆಳಗಿಳಿದಿದ್ದರೆ ತೋಡಿ, ಮೇಲೇರಿದ್ದರೆ ನಠಭೈರವಿ. ಶೂರ್ ಇವೆರಡರ ಮಧ್ಯೆ ನಿಂತಿದೆ. ನಿಮಗೆ ತೋಡಿ ಬಂದು ತಪ್ಪಿಸಿಕೊಂಡು ಹೋದ ಹಾಗೆ ಕೇಳಿಸಿತು ಅಂದಿರಲ್ಲ, ಅಂದರೆ ನಿಮ್ಮ ಕಿವಿ ಬಹಳ ಸರಿಯಾಗಿಯೇ ಕೇಳಿದೆ.

ಹಾಗಾದರೆ ಅದು ತಪ್ಪಿ ಬಿದ್ದ ಸ್ವರವೇ? 8ನೇ ಶತಮಾನದ ಬಾಗ್ದಾದಿನಲ್ಲಿ ಜಲ್ಜಲ್ ಅನ್ನುವ ಊದ್ (ಮೀಟಿ ನುಡಿಸುವ ತಂತಿವಾದ್ಯ) ವಾದಕನಿದ್ದ. ಅವನು ತಂತಿಯ ಮೇಲೆ ನಡುಬೆರಳನ್ನು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಮಧ್ಯೆ ಇಡುತ್ತಿದ್ದ. ಶಾಸ್ತ್ರಕಾರರು ಆ ಜಾಗಕ್ಕೆ 'ಜಲ್ಜಲನ ನಡುಬೆರಳು' ಅಂತಲೇ ಹೆಸರಿಟ್ಟು, 27ಕ್ಕೆ 22ರ ಅನುಪಾತ, ಅಂದರೆ ಸುಮಾರು 355 ಸೆಂಟ್, ಅಂತ ಲೆಕ್ಕ ಬರೆದಿಟ್ಟರು. ಬೆರಳಿಗೇ ಹೆಸರು ಬಂದ ಕಥೆ ಪಿಟೀಲಿನವರಿಗೆ ಇಷ್ಟವಾಗಬೇಕು! ಈ ನಡುವಿನ ಸ್ವರಗಳಿಗೆ ಸಾವಿರ ವರ್ಷಕ್ಕೂ ಮೀರಿದ ದಾಖಲೆ ಇದೆ. ನಿಮ್ಮ ಗುರುಗಳ ಮಾತೂ ಸುಳ್ಳಲ್ಲ. ತೋಡಿಯ ಒಳಗೆ ಆ ರಿಷಭ ಬಂದರೆ ಅಪಸ್ವರವೇ. ಶೂರ್‌ನೊಳಗೆ ಶುದ್ಧ ರಿಷಭ ಬಂದರೂ ಅಪಸ್ವರವೇ, ಇರಾನಿ ಮೇಷ್ಟ್ರು ಅಷ್ಟೇ ಮುಖ ಸಿಂಡರಿಸುತ್ತಾರೆ. ಇನ್ನು ಟ್ಯೂನರ್ ಆ್ಯಪ್. ಅದಕ್ಕೆ ಗೊತ್ತಿರುವುದು ಹನ್ನೆರಡು ಮನೆ ಮಾತ್ರ. ಅದರ ಮುಂದೆ ತೋಡಿಯ ಗಾಂಧಾರವನ್ನು ಕಂಪಿತದ (ಸ್ವರ ಅಲುಗಿಸುವ ಗಮಕದ) ಸಮೇತ ನುಡಿಸಿ ನೋಡಿ, ಆಗಲೂ ಕೆಂಪೇ.

'ಕ್ವಾರ್ಟರ್ ಟೋನ್', ಅಂದರೆ ಕಾಲು ಸ್ವರ, ಅನ್ನುವ ಮಾತನ್ನೂ ನೀವು ಕೇಳಿರಬಹುದು. ಅದರಲ್ಲೂ ಅರ್ಧ ಸತ್ಯವೇ ಇರುವುದು. ಅಲಿ ನಖಿ ವಜೀರಿ ಅನ್ನುವ ಸಂಗೀತಗಾರ ಯುರೋಪಿನಲ್ಲಿ ಓದಿ ಬಂದು, 1920ರ ದಶಕದಲ್ಲಿ ಸ್ಥಾಯಿಯನ್ನು 24 ಸಮಭಾಗ ಮಾಡಿದರು. ಕಾಲು ಸ್ವರ ಇಳಿಸಲು 'ಕೊರೊನ್', ಏರಿಸಲು 'ಸೊರಿ' ಅಂತ ಎರಡು ಚಿಹ್ನೆ ತಂದರು. ಬರೆಯಲು ಅನುಕೂಲ, ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಆದರೆ ಅಲ್ಲಿನ ಯಾವ ವಾದಕನೂ ಕಾಲು ಕಾಲು ಸ್ವರವಾಗಿ ಮೆಟ್ಟಿಲು ಹತ್ತುವುದಿಲ್ಲ. ಹೊರ್ಮೊಜ್ ಫರ್ಹಾತ್ ಅನ್ನುವ ವಿದ್ವಾಂಸರು 1990ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ 24ರ ಲೆಕ್ಕವನ್ನೇ ತಳ್ಳಿಹಾಕಿದರು. ಅವರ ಪ್ರಕಾರ ಈ ನಡುವಿನ ಅಂತರಗಳು ಎರಡು. ಚಿಕ್ಕದು ಸುಮಾರು 135 ಸೆಂಟ್, ದೊಡ್ಡದು ಸುಮಾರು 160. ಅವೂ ಕಲ್ಲಿನಲ್ಲಿ ಕೊರೆದದ್ದಲ್ಲ, ವಾದಕರಿಂದ ವಾದಕರಿಗೆ ಹತ್ತು ಸೆಂಟ್ ಆಚೀಚೆ ಆಗುತ್ತವೆ. ಸೆತಾರ್‌ನ ಮೆಟ್ಟಿಲುಗಳು (ಫ್ರೆಟ್‌ಗಳು) ವೀಣೆಯ ಹಾಗೆ ಮೇಣದಲ್ಲಿ ಕೂರಿಸಿದವಲ್ಲ. ಕರುಳಿನ ದಾರವನ್ನು ಕುತ್ತಿಗೆಗೆ ಸುತ್ತಿ ಕಟ್ಟಿರುತ್ತಾರೆ, ಬೇಕಾದಾಗ ಬೆರಳಲ್ಲಿ ಸರಿಸಬಹುದು. ಸ್ವರವನ್ನು ತಂತಮ್ಮ ಕಿವಿಗೆ ತಕ್ಕ ಹಾಗೆ ಕೂರಿಸಿಕೊಳ್ಳುವ ಅವಕಾಶ ವಾದ್ಯದಲ್ಲೇ ಇದೆ.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಅದು ಅಪಸ್ವರದ ಮಾತಿಗಿಂತ ಜಾಸ್ತಿ ಅಪಾಯಕಾರಿ, ಯಾಕೆಂದರೆ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಮಾಹೂರ್‌ನ ಸ್ವರಗಳು ಶಂಕರಾಭರಣದವೇ, ಒಪ್ಪಿದೆ. ಚಹಾರ್‌ಗಾಹ್ ಮಾಯಾಮಾಳವಗೌಳದ ದಾಯಾದಿ ಅನ್ನಬಹುದು, ಆದರೆ ಅದರ ರಿ, ಧ ಎರಡೂ ನಮ್ಮದಕ್ಕಿಂತ ಸ್ವಲ್ಪ ಮೇಲೆ, ಅದೇ ಖಾಲಿ ಜಾಗದಲ್ಲಿ. ಬಯಾತೆ ಎಸ್ಫಹಾನ್ ಈಗ ನುಡಿಸುವ ರೀತಿಯಲ್ಲಿ ಕೀರವಾಣಿಗೆ ಹತ್ತಿರ. ಸರಿ, ಆಮೇಲೆ? ನವಾ ಅನ್ನುವ ದಸ್ತ್‌ಗಾಹ್‌ನ ಸ್ವರಗಳೂ ಶೂರ್‌ನ ಸ್ವರಗಳೂ ಹೆಚ್ಚುಕಡಿಮೆ ಒಂದೇ. ರಾಸ್ತ್-ಪಂಜ್‌ಗಾಹ್, ಮಾಹೂರ್ ಎರಡರದ್ದೂ ಒಂದೇ. ಆದರೂ ಇರಾನಿನವರು ಅವನ್ನು ಬೇರೆ ಬೇರೆ ಅಂತಲೇ ಎಣಿಸುತ್ತಾರೆ. ಬರೀ ಆರೋಹಣ, ಅವರೋಹಣ ಹಿಡಿದು ಹೋದರೆ ಈ ಲೆಕ್ಕ ತಾಳೆ ಆಗುವುದೇ ಇಲ್ಲ.

ದಸ್ತ್‌ಗಾಹ್ ಅನ್ನುವ ಪದವನ್ನೇ ಬಿಡಿಸಿ ನೋಡಿ. 'ದಸ್ತ್' ಅಂದರೆ ಕೈ. ಪೊಲೀಸರು ಮಾಡುವ ದಸ್ತಗಿರಿಯಲ್ಲಿರುವ ಅದೇ ಕೈ. 'ಗಾಹ್' ಅಂದರೆ ಜಾಗ, ನಮ್ಮ ಊರಿನ ಈದ್ಗಾದಲ್ಲಿ ಇರುವುದು. ತಂತಿಯ ಮೇಲೆ ಕೈ ಕೂರುವ ಜಾಗ ಅಂತ ಮೂಲ ಅರ್ಥ. ಸೆಗಾಹ್ ಅಂದರೆ ಮೂರನೇ ಜಾಗ, ಚಹಾರ್‌ಗಾಹ್ ನಾಲ್ಕನೆಯದು. ಈಗ ಅದರ ಅರ್ಥ ಅಗಲವಾಗಿದೆ. ದಸ್ತ್‌ಗಾಹ್ ಅಂದರೆ ಒಂದು ಗೊತ್ತಾದ ಹಾದಿ, ಆ ಹಾದಿಯಲ್ಲಿ ಒಂದರ ಹಿಂದೆ ಒಂದು ಬರುವ ಚಿಕ್ಕ ಚಿಕ್ಕ ತಂಗುದಾಣಗಳು. ಒಂದೊಂದು ತಂಗುದಾಣಕ್ಕೂ 'ಗೂಶೆ' ಅಂತ ಹೆಸರು, ಅಂದರೆ ಮೂಲೆ. ಗೂಶೆ ಬಹಳ ಸಲ ನಾಲ್ಕೈದು ಸ್ವರದೊಳಗೇ ಸುತ್ತುವ ಒಂದು ಪುಟ್ಟ ಸಂಗತಿ. ಪ್ರತಿಯೊಂದಕ್ಕೂ ತನ್ನದೇ ಚಾಲು, ತನ್ನದೇ 'ಶಾಹೆದ್' ಇರುತ್ತದೆ. ಶಾಹೆದ್ ಅಂದರೆ ಸಾಕ್ಷಿ, ಮತ್ತೆ ಮತ್ತೆ ಬಂದು ನಿಂತು ಮಾತಾಡುವ ಸ್ವರ. ನಮ್ಮ ಜೀವಸ್ವರದ ನೆಂಟ ಅನ್ನಿ. ಸಾಲು ಮುಗಿಸಿ ಕೂರುವ ಸ್ವರ 'ಈಸ್ತ್'. ಸಂದರ್ಭ ನೋಡಿ ಏರಿಳಿಯುವ ಸ್ವರ 'ಮೊತಘಯ್ಯೆರ್'.

ಹಾದಿಯ ಬಾಗಿಲು 'ದರಾಮದ್', ಒಳಗೆ ಬರುವುದು ಅಂತ ಅರ್ಥ. ಅಂಗಡಿಯವರ 'ಆಮದು' ಇದರ ತಮ್ಮ. ಅಲ್ಲಿಂದ ಗೂಶೆಗಳು ಒಂದೊಂದಾಗಿ ಮೇಲಿನ ಸ್ವರಗಳ ಕಡೆ ಏರುತ್ತಾ ಹೋಗುತ್ತವೆ. ಪ್ರತಿ ಘಟ್ಟದಲ್ಲೂ 'ಫೊರೂದ್' ಅನ್ನುವ ಇಳಿಜಾರಿನ ಪದಗುಚ್ಛವೊಂದು ನಿಮ್ಮನ್ನು ವಾಪಸು ಮನೆಗೆ ತಂದು ಬಿಡುತ್ತದೆ. ಈ ಫೊರೂದ್ ಇದೆಯಲ್ಲ, ನನ್ನ ಪ್ರಕಾರ ಇಡೀ ಪದ್ಧತಿಯ ಪ್ರಾಣ ಅಲ್ಲಿದೆ. ಒಳ್ಳೆಯ ಕೇಳುಗ ದಸ್ತ್‌ಗಾಹನ್ನು ಗುರುತಿಸುವುದೂ ಬಹಳ ಸಲ ಅದರಿಂದಲೇ.

ಮಾಹೂರ್‌ನ ಒಂದು ಉದಾಹರಣೆ ಕೊಟ್ಟರೆ ಗೆಳತಿಯ 'ಒಂದು ವಾರ' ಎಲ್ಲಿ ಮುಗ್ಗರಿಸುತ್ತದೆ ಅಂತ ಕಾಣುತ್ತದೆ. ಶುರುವಿನಲ್ಲಿ ಎಲ್ಲ ಶಂಕರಾಭರಣದ ಹಾಗೇ ಇರುತ್ತದೆ. ಸ್ವಲ್ಪ ಹೊತ್ತಿಗೆ ದೆಲ್ಕಶ್ ಅನ್ನುವ ಗೂಶೆ ಬರುತ್ತದೆ. ಆಗ ಸಾಕ್ಷಿಸ್ವರ ಪಂಚಮಕ್ಕೆ ಹೋಗುತ್ತದೆ, ಧೈವತ ಕಾಲು ಸ್ವರದಷ್ಟು ಇಳಿಯುತ್ತದೆ, ನಿಷಾದ ಕೈಶಿಕಿ ಆಗುತ್ತದೆ. ಪಂಚಮವನ್ನೇ ಷಡ್ಜ ಅಂದುಕೊಂಡು ಕೇಳಿ: ಅದು ಶೂರ್! ಮನೆಯೊಳಗೆ ಇನ್ನೊಂದು ಮನೆ. ನಮ್ಮ ಗ್ರಹಭೇದದ ನೆನಪು ಬರುತ್ತದೆ, ಆದರೆ ನಮ್ಮಲ್ಲಿ ಅದು ವಿದ್ವಾಂಸರು ಆಗೀಗ ತೋರಿಸುವ ಕಸರತ್ತು. ಅಲ್ಲಿ ಅದು ದಿನನಿತ್ಯದ ದಾರಿ, ಅದಿಲ್ಲದೆ ಮಾಹೂರ್ ಮಾಹೂರೇ ಆಗುವುದಿಲ್ಲ. ಶೂರ್‌ನಲ್ಲೂ ಅಷ್ಟೆ. ಶಹ್ನಾಜ್ ಅನ್ನುವ ಗೂಶೆಯಲ್ಲಿ ಮಧ್ಯಮವೇ ಹೊಸ ನೆಲೆಯಾಗುತ್ತದೆ.

ಶ್ರುತಿ ಪೆಟ್ಟಿಗೆ ಯಾಕೆ ಬಂದ್ ಮಾಡಬೇಕು ಅಂತ ಈಗ ಹೊಳೆದಿರಬೇಕು. ಇರಾನಿ ಸಂಗೀತದಲ್ಲಿ ಹಿನ್ನೆಲೆಗೆ ತಂಬೂರಿ ಇಲ್ಲ. ಆಧಾರಸ್ವರ ಒಂದೇ ಕಡೆ ಕೂರುವುದೂ ಇಲ್ಲ. ಶೂರ್‌ನಲ್ಲಂತೂ ಪಂಚಮವೇ ಮೊತಘಯ್ಯೆರ್. ಏರುವಾಗ ನಮ್ಮ ಪಂಚಮ, ಇಳಿಯುವಾಗ ಬಹಳ ಸಲ ಕಾಲು ಸ್ವರ ಕೆಳಗೆ. ಪಂಚಮ ಅಚಲಸ್ವರ ಅಂತ ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ ಅನ್ನಿಸುತ್ತದೆ, ಅಲ್ವಾ? ನೀವು ಸ-ಪ-ಸ ಗುಂಯ್‌ಗುಡಿಸಿಕೊಂಡು ಅದರ ಮೇಲೆ ಶೂರ್ ನುಡಿಸಿದಿರಿ. ತಂಬೂರಿಯ ಉಪಸ್ವರಗಳು ಬೆರಳನ್ನು ತಮಗೆ ಒಗ್ಗುವ ಜಾಗಕ್ಕೆ ಎಳೆಯುತ್ತವೆ. ಆ ರಿಷಭ ಕೂರದೆ ಇದ್ದದ್ದು ಸಹಜ. ಸೆಗಾಹ್ ಇನ್ನೂ ಮಜಾ. ಅದರ ಸಾಕ್ಷಿಯೂ, ಕೂರುವ ಸ್ವರವೂ ಆ ನಡುವಿನ ಗಾಂಧಾರವೇ. ಅದಕ್ಕೆ ಯಾವ ಶ್ರುತಿ ಇಡುತ್ತೀರಿ?

ಇನ್ನೊಂದು ತೊಡಕು ಕೈಯದ್ದು. ನಮ್ಮಲ್ಲಿ ಸ್ವರ ಅಂದರೆ ಓಡಾಟ, ಗಮಕವಿಲ್ಲದ ತೋಡಿ ತೋಡಿಯಲ್ಲ. ಅಲ್ಲಿ ಆ ನಡುವಿನ ರಿಷಭ ಅಲುಗಾಡದೆ ನೆಟ್ಟಗೆ ನಿಲ್ಲುತ್ತದೆ. ಅಲಂಕಾರವಿಲ್ಲ ಅಂತಲ್ಲ. ಹಾಡುಗಾರರ 'ತಹ್ರೀರ್' ಗಂಟಲಿನಲ್ಲಿ ಹಕ್ಕಿ ಮುರಿಮುರಿದು ಕೂಗಿದ ಹಾಗೆ ಕೇಳಿಸುತ್ತದೆ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಅಭ್ಯಾಸ ಅಲ್ಲಿಗೆ ಹೊಂದುವುದಿಲ್ಲ. ನಾನು ಮೊದಲ ಸಲ ನನ್ನ ಉಸ್ತಾದರ ಮುಂದೆ ಮಾಹೂರ್‌ನ ದರಾಮದ್ ನುಡಿಸಿದಾಗ ಅವರು ಪೂರ್ತಿ ಕೇಳಿ, 'ಚೆನ್ನಾಗಿದೆ. ಮಾಹೂರ್ ಯಾವಾಗ ಶುರು ಮಾಡ್ತೀರಿ?' ಅಂದರು. ನಾನು ನುಡಿಸಿದ್ದು ಅಚ್ಚ ಶಂಕರಾಭರಣವಾಗಿತ್ತು.

ಒಟ್ಟು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ದಸ್ತ್‌ಗಾಹ್ ಏಳು: ಶೂರ್, ಸೆಗಾಹ್, ಚಹಾರ್‌ಗಾಹ್, ಮಾಹೂರ್, ಹೊಮಾಯೂನ್, ನವಾ, ರಾಸ್ತ್-ಪಂಜ್‌ಗಾಹ್. ಇವುಗಳಿಂದ ಒಡೆದು ಬಂದ 'ಆವಾಜ್'ಗಳು ಸಾಮಾನ್ಯ ಎಣಿಕೆಯಲ್ಲಿ ಐದು. ಅಬೂ ಅತಾ, ಬಯಾತೆ ತೊರ್ಕ್, ಅಫ್ಶಾರಿ, ದಶ್ತಿ ಈ ನಾಲ್ಕು ಶೂರ್‌ನ ಮಕ್ಕಳು, ಬಯಾತೆ ಎಸ್ಫಹಾನ್ ಹೊಮಾಯೂನ್‌ನದು. ಗೂಶೆಗಳನ್ನೆಲ್ಲ ಕ್ರಮವಾಗಿ ಜೋಡಿಸಿದ ಭಂಡಾರಕ್ಕೆ 'ರದೀಫ್' ಅನ್ನುತ್ತಾರೆ, ಅಂದರೆ ಸಾಲು. ಕನ್ನಡ ಗಜಲ್ ಓದುವವರಿಗೆ ಪದ ಗೊತ್ತು, ಅಲ್ಲಿ ಅದು ಸಾಲಿನ ಕೊನೆಗೆ ಮರಳಿ ಬರುವ ಮಾತು. ಸೆತಾರ್, ಅದರ ಹಾಗೇ ಮೀಟುವ ತಾರ್ ಅನ್ನುವ ವಾದ್ಯ ಕಲಿಯುವವರು ಹೆಚ್ಚಾಗಿ ಹಿಡಿಯುವುದು ಮಿರ್ಜಾ ಅಬ್ದುಲ್ಲಾ ಅವರ ರದೀಫ್, ಸುಮಾರು 250 ಗೂಶೆಗಳು. ಅವರು 1843ರಿಂದ 1918ರವರೆಗೆ ಬದುಕಿದ್ದವರು. ತಂದೆ ಅಲಿ ಅಕ್ಬರ್ ಫರಾಹಾನಿ ಖಾಜಾರ್ ದೊರೆ ನಾಸಿರುದ್ದೀನ್ ಷಾನ ಆಸ್ಥಾನದ ತಾರ್ ವಾದಕ. 2009ರಲ್ಲಿ ಯುನೆಸ್ಕೊ ರದೀಫನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.

'ತೋಡಿ ಅಲ್ಲಿಂದ ಬಂತು', 'ಶೂರ್ ಇಲ್ಲಿಂದ ಹೋಯಿತು' ಅನ್ನುವ ಜಗಳಕ್ಕೆ ಇಲ್ಲೇ ಉತ್ತರ ಇದೆ. 13ನೇ ಶತಮಾನದಲ್ಲಿ ಸಫಿಯುದ್ದೀನ್ ಉರ್ಮವಿ ಬರೆದಿಟ್ಟದ್ದು 12 ಮಕಾಂಗಳ (ರಾಗದಂಥ ಸ್ವರವ್ಯವಸ್ಥೆಗಳ) ಪದ್ಧತಿ. ಏಳು ದಸ್ತ್‌ಗಾಹ್‌ಗಳ ಈಗಿನ ಜೋಡಣೆ ಗಟ್ಟಿಯಾದದ್ದು 19ನೇ ಶತಮಾನದ ಖಾಜಾರ್ ಕಾಲದಲ್ಲಿ. ಒಂದನ್ನೊಂದು ಹೆತ್ತವು ಅನ್ನುವುದಕ್ಕೆ ಸ್ವರಗಳ ಹೋಲಿಕೆ ಸಾಲದು. ಕೊಡುಕೊಳ್ಳುವಿಕೆ ಇದ್ದದ್ದು ಮಾತ್ರ ನಿಜ. ಮಾಹೂರ್‌ನಲ್ಲಿ 'ರಾಕೆ ಹಿಂದಿ' ಅಂತ ಒಂದು ಗೂಶೆಯೇ ಇದೆ, 'ರಾಕ್' ಅನ್ನುವುದು ನಮ್ಮ 'ರಾಗ'ವೇ ಅಂತ ಹೇಳುತ್ತಾರೆ. ಕೇಳಿದರೆ ಯಾವ ಹಿಂದೂಸ್ತಾನಿ ರಾಗವೂ ನೆನಪಾಗುವುದಿಲ್ಲ, ಅದು ಬೇರೆ ಮಾತು. ಇತ್ತ ನಮ್ಮ ವಿಜಯಪುರದಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ತನ್ನ 'ಕಿತಾಬೆ ನೌರಸ್'ನ ದಖನಿ ಹಾಡುಗಳಿಗೆ ರಾಗದ ಹೆಸರು ಹೇಳುವಾಗ 'ಮಕಾಂ' ಅನ್ನುವ ಪದ ಬಳಸಿದ. ರಾಗ ನಮ್ಮದು, ಅದಕ್ಕಿಟ್ಟ ಲೇಬಲ್ಲು ಅವರದು.

ಸರಿ, ನೀವೇನು ಮಾಡಬೇಕು?

ಪಿಟೀಲೇ ಸಾಕು ಅಂತ ನನ್ನ ಮೊದಲ ಸಲಹೆ. ಇರಾನಿನಲ್ಲೂ ಪಿಟೀಲು ಸುಮಾರು ಒಂದೂಕಾಲು ಶತಮಾನದಿಂದ ಇದೆ. ಅಲ್ಲಿನ ಹಳೆಯ ಕಮಾಂಚೆಯನ್ನು, ಅಂದರೆ 'ಚಿಕ್ಕ ಕಮಾನು' ಅನ್ನುವ ಹೆಸರಿನ ವಾದ್ಯವನ್ನು, ಒಂದು ಕಾಲಕ್ಕೆ ಅದು ಮೂಲೆಗೂ ತಳ್ಳಿತ್ತು. ಅಬುಲ್ ಹಸನ್ ಸಬಾ (1902–1957) ಪಿಟೀಲಿಗೆಂದೇ ರದೀಫಿನ ಪಾಠಗಳನ್ನು ಬರೆದರು, ಈಗಲೂ ಅವನ್ನು ಕಲಿಸುತ್ತಾರೆ. ಮೆಟ್ಟಿಲಿಲ್ಲದ ವಾದ್ಯವಾದ್ದರಿಂದ ಯಾವ ಸ್ವರವೂ ಸಿಗುತ್ತದೆ. ಅಪಾಯವೂ ಅದೇ: ಬೆರಳಿಗೆ ತಡೆಯಿಲ್ಲ, 14 ವರ್ಷದ ಅಭ್ಯಾಸ ಅದನ್ನು ತೋಡಿಗೆ ಎಳೆಯುತ್ತದೆ. ಹಾಗಾಗಿ ಶ್ರುತಿ ಪೆಟ್ಟಿಗೆ ಬಂದ್ ಮಾಡಿ, ಆ್ಯಪ್ ಮುಚ್ಚಿ. ಒಬ್ಬರೇ ಕಲಾವಿದರ ಶೂರ್ ದರಾಮದ್ ಆರಿಸಿಕೊಂಡು, ಸಾಲು ಸಾಲಾಗಿ ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ರಿಷಭವನ್ನು ಒಂಟಿಯಾಗಿ ಹುಡುಕಬೇಡಿ. ಗಾಂಧಾರದಿಂದ ಇಳಿದು ಷಡ್ಜಕ್ಕೆ ಬರುವ ಫೊರೂದ್‌ನಲ್ಲಿ ಅದು ತಾನಾಗಿ ಸಿಗುತ್ತದೆ. ಮೂರು ತಿಂಗಳು ಅದೊಂದೇ. ಮಾಹೂರ್ ಸುಲಭ ಅಂತ ಅಲ್ಲಿಂದ ಶುರು ಮಾಡಬೇಡಿ, ನನ್ನ ಕಥೆಯೇ ನಿಮಗೂ ಆಗುತ್ತದೆ.

ಗಲಿಬಿಲಿ ಅಂದೆನಲ್ಲ, ಅದು ಹೀಗಿರುತ್ತದೆ. ಆರು ತಿಂಗಳು ಸೆಗಾಹ್‌ನಲ್ಲಿ ಮುಳುಗಿದ್ದ ನಾನು ಒಮ್ಮೆ ಕಲ್ಯಾಣಿ ಹಾಡಲು ಕೂತೆ. ಅಂತರ ಗಾಂಧಾರ ತಗ್ಗಿ ತಗ್ಗಿ ಬಂತು. ಪಕ್ಕವಾದ್ಯದವರು ನನ್ನ ಮುಖ ನೋಡಿದರು. ತಂಬೂರಿ ಹಾಕಿಕೊಂಡು ಮೂರು ದಿನ ಸಾಧನೆ ಮಾಡಿದ ಮೇಲೆ ಸರಿಹೋಯಿತು, ಆಮೇಲೆ ಮರುಕಳಿಸಲಿಲ್ಲ. ಎರಡನ್ನೂ ಒಂದೇ ಕೂರಿಕೆಯಲ್ಲಿ ಅಭ್ಯಾಸ ಮಾಡಬೇಡಿ. ಬೆಳಿಗ್ಗೆ ಶ್ರುತಿ ಹಾಕಿ ನಮ್ಮದು, ಸಂಜೆ ಶ್ರುತಿಯಿಲ್ಲದೆ ಅವರದು. ವಿದ್ವತ್ ಪರೀಕ್ಷೆಗೆ ಕೂರುವ ಆಲೋಚನೆ ಇದ್ದರೆ ಪರೀಕ್ಷೆಗೆ ಮೊದಲ ಎರಡು ತಿಂಗಳು ಸುಮ್ನೆ ಕೇಳುವುದಕ್ಕಷ್ಟೇ ಇಟ್ಟುಕೊಳ್ಳಿ. ಗುರುಗಳ ಹತ್ತಿರ ಇದನ್ನು ವಾದಕ್ಕೆ ಇಡಬೇಡಿ. ಅವರ ಪಾಠದಲ್ಲಿ ತೋಡಿಯ ರಿಷಭ ಸರಿಯಾಗಿ ಬೀಳುತ್ತಿದ್ದರೆ ಅವರ ಆತಂಕ ತಾನಾಗಿ ಇಳಿಯುತ್ತದೆ.

ಕೀಬೋರ್ಡು, ಹಾರ್ಮೋನಿಯಂ ಬೇಡ. ಕೆಲವು ಕೀಬೋರ್ಡುಗಳಲ್ಲಿ ಒಂದೊಂದು ಸ್ವರವನ್ನೂ ಬೇರೆಯಾಗಿ ಇಳಿಸಬಹುದು. ಮುರ್ತಜಾ ಮಹಜೂಬಿ ಅನ್ನುವವರು ಪಿಯಾನೊದ ತಂತಿಗಳನ್ನೇ ಬೇರೆ ಶ್ರುತಿಗೆ ಕೂರಿಸಿಕೊಂಡು ಇರಾನಿ ಸಂಗೀತ ನುಡಿಸಿದವರು. ಆದರೆ ಅದು ಕಿವಿ ಪಳಗಿದ ಮೇಲಿನ ಆಟ. ಸಂತೂರ್ ಕೂಡ ಮೊದಲ ವಾದ್ಯವಾಗಿ ಬೇಡ. 72 ತಂತಿ, ದಸ್ತ್‌ಗಾಹ್ ಬದಲಾದರೆ ಶ್ರುತಿ ಬದಲಿಸಬೇಕು. ಅರ್ಧ ಆಯುಷ್ಯ ಬಿರಡೆ ತಿರುಗಿಸುವುದರಲ್ಲೇ ಹೋಗುತ್ತದೆ.

ಸೆತಾರ್ ಆಸೆ ಇದ್ದರೆ ಬೇಡ ಅನ್ನಲಾರೆ, ನನ್ನ ಬದುಕೇ ಅದು. ಹೆಸರಿನ ಪ್ರಕಾರ ಮೂರು ತಂತಿ, ಈಗ ನಾಲ್ಕು. ಸಿತಾರ್ ಅಂದುಕೊಂಡು ಅದನ್ನು ತರಿಸಿಬಿಡಬೇಡಿ, ಹಾಗೆ ಮಾಡಿದವರು ಇದ್ದಾರೆ. ಮೆಟ್ಟಿಲು ಕಟ್ಟಿರುವುದರಿಂದ ಆ 135ರ ಜಾಗ ನಿಮಗೆ ಕಣ್ಣಿಗೇ ಕಾಣುತ್ತದೆ, ಪಿಟೀಲಿನ ಬೆರಳಿಗೂ ಅದರಿಂದ ಪಾಠವಾಗುತ್ತದೆ. ಅಪಾಯ ಏನೆಂದರೆ ನಿಮ್ಮ ಕಡೆಯ ಮಳೆ. ಹಿಪ್ಪುನೇರಳೆ ಮರದ ತೆಳ್ಳನೆ ಬುರುಡೆ, ಒಣಹವೆಯ ದೇಶದಲ್ಲಿ ಮಾಡಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದು ಉಬ್ಬುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ, ಕರುಳಿನ ಮೆಟ್ಟಿಲು ಸಡಿಲವಾಗಿ ಜಾರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಪೊಟ್ಟಣ ಇಡಿ, ನೈಲಾನ್ ಮೆಟ್ಟಿಲು ಕಟ್ಟಿಸಿಕೊಳ್ಳಿ. ಮೆಟ್ಟಿಲು ಎಲ್ಲಿರಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿರಿ. ಕೊಳ್ಳುವ ಮೊದಲೇ ಆನ್‌ಲೈನ್‌ನಲ್ಲಿ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿಕೊಳ್ಳಿ. ಅವರು 'ಸೀನೆ ಬೆ ಸೀನೆ' ಅನ್ನುತ್ತಾರೆ, ಎದೆಯಿಂದ ಎದೆಗೆ. ನಮ್ಮ ಗುರುಮುಖವೇ. ನೊಟೇಶನ್ ಪುಸ್ತಕ ಕಳಿಸಿ ನುಡಿಸಿಕೊಂಡು ಬನ್ನಿ ಅನ್ನುವವರಾದರೆ ಬೇರೆಯವರನ್ನು ನೋಡಿ.

ಸೆತಾರ್ ಮೀಟುವುದು ಬಲಗೈ ತೋರುಬೆರಳಿನ ಉಗುರಿನಿಂದ. ಕಮಾನು ಹಿಡಿಯುವ ಕೈ, ಹಾಗಾಗಿ ಪಿಟೀಲಿಗೆ ತೊಂದರೆಯಿಲ್ಲ. ತರಿಸುವುದೇ ಆದರೆ ವಾದ್ಯ ಬರುವಷ್ಟರಲ್ಲಿ ಉಗುರು ಬೆಳೆದಿರಲಿ, ಇವತ್ತಿನಿಂದಲೇ ಕತ್ತರಿಸುವುದು ಬಿಡಿ.